ಸಾದೃಶ್ಯ, ಮೂಲ, ಸಹಯೋಗ: ರಾಮಗೋಪಾಲರ ನೃತ್ಯಮಂಡಲಿಯ ಪ್ರಯೋಗಗಳ ಪರಿಶೀಲನೆ

1

ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಲು ಬಂದವರಿಗೆ ಮೊದಲು ಹೇಳಲಾಗುವ ಮಾತೆಂದರೆ, ಅದು ಸ್ಪೇನ್ ದೇಶದ ಕಾರ್ಡೋವಾ ನಗರದ ಮಹಾಮಸೀದಿಯನ್ನು ಹೋಲುತ್ತದೆ ಎಂಬುದು. ಈ ಮಾತು ಪ್ರವಾಸಿಗರ ಕೈಪಿಡಿಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಬಹುಕಾಲದಿಂದ ನಡೆದು ಬಂದಿದೆ. ಸಾಲುಸಾಲಾಗಿ ನಿಂತ ಕಮಾನುಗಳ ನಡುವೆ ನಡೆದಾಡಿದವರಿಗೆ ಇದು ಅಸಂಗತವಾಗಿಯೂ ತೋರುವುದಿಲ್ಲ. ಆದರೆ ಮಸೀದಿಯ ಶಾಸನವು ಬೇರೊಂದು ದಿಕ್ಕನ್ನು ತೋರಿಸುತ್ತದೆ. ಒಂದನೆಯ ಮುಹಮ್ಮದ್ ಷಾ ಬಹಮನಿಯ ಆಳ್ವಿಕೆಯಲ್ಲಿ, ಕ್ರಿ.ಶ. 1367ರಲ್ಲಿ, ಅದನ್ನು ಕಟ್ಟಿದವನು ಕಜ್ವೀನಿನ ರಫಿ ಎಂದು ಶಾಸನದಿಂದ ತಿಳಿದುಬರುತ್ತದೆ. ಕಜ್ವೀನ್ ಇರುವುದು ಇರಾನಿನಲ್ಲಿ. ಅಲ್ಲದೆ ಕಾರ್ಡೋವಾದ ಮಸೀದಿಗೆ ವಿಶಾಲವಾದ ತೆರೆದ ಅಂಗಳವುಂಟು; ಕಲಬುರಗಿಯ ಮಸೀದಿಯ ವೈಶಿಷ್ಟ್ಯವೇ ಅಂತಹ ಅಂಗಳವಿಲ್ಲದಿರುವುದು, ಇಡೀ ಕಟ್ಟಡಕ್ಕೆ ಮೇಲ್ಛಾವಣಿಯಿರುವುದು. ಅಲ್ಲಿ ಒಂದರ ಮೇಲೊಂದು ಜೋಡಿಸಿದ ಲಾಳಾಕಾರದ ಕಮಾನುಗಳು. ಇಲ್ಲಿ ಗಿಡ್ಡ ಕಂಬಗಳ ಮೇಲಿನ ಅಗಲವಾದ ಕಮಾನುಗಳು. ಕಣ್ಣಿಗೆ ಕಂಡ ಹೋಲಿಕೆ ಒಂದು ಕಡೆಗೆ, ಬರೆದಿಟ್ಟ ಸಾಕ್ಷ್ಯ ಇನ್ನೊಂದು ಕಡೆಗೆ ಹೋಗುತ್ತವೆ.

ಇದೇ ನಗರದ ರೋಜಾ ಬಡಾವಣೆಯ ಹೆಸರನ್ನು ಇನ್ನೊಂದು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕ್ರಿ.ಶ. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ಸಮಾಧಿಯಿಂದ ಆ ಪ್ರದೇಶಕ್ಕೆ ಈ ಹೆಸರು ಬಂದಿದೆ. ಅರಬ್ಬೀ ಭಾಷೆಯಲ್ಲಿ ಉದ್ಯಾನವೆಂಬ ಅರ್ಥವುಳ್ಳ ಶಬ್ದವೊಂದು ಸಮಾಧಿಸ್ಥಳಕ್ಕೂ ಅನ್ವಯಿಸಿ ಇಲ್ಲಿ ರೋಜಾ ಆಯಿತು. ಸ್ಪೇನಿನ ಗ್ರನಾಡಾ ನಗರದ ಆಲ್ಹಂಬ್ರಾದೊಳಗೆ ರಾಜರ ಸಮಾಧಿಗಳಿದ್ದ ಸ್ಥಳಕ್ಕೂ ರೌದಾ ಎಂದೇ ಹೆಸರು. ಇವೆರಡೂ ಒಂದೇ ಶಬ್ದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗ್ರನಾಡಾದವರು ಇಲ್ಲಿಗೆ ಬಂದರೆಂದಾಗಲಿ, ಇಲ್ಲಿಯವರು ಅಲ್ಲಿಗೆ ಹೋದರೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ. ಒಂದೇ ಮೂಲದಿಂದ ಎರಡು ಕವಲುಗಳು ಒಡೆದವೆಂದಷ್ಟೇ ಹೇಳಲು ಸಾಧ್ಯ.

ಹೀಗೆ ಎರಡು ವಸ್ತುಗಳ ಸಂಬಂಧವನ್ನು ಮೂರು ವಿಧವಾಗಿ ವಿಂಗಡಿಸಬಹುದಾಗಿದೆ: ಕಣ್ಣಿಗೆ ತೋರುವ ಸಾದೃಶ್ಯ ಮೊದಲನೆಯದು; ದೂರದ ಏಕಮೂಲ ಎರಡನೆಯದು; ಇಂತಹ ಕಾಲದಲ್ಲಿ, ಇಂತಹ ಸ್ಥಳದಲ್ಲಿ, ಇಂತಹ ವ್ಯಕ್ತಿಗಳ ನಡುವೆ ನಡೆದ ಸಹಯೋಗ ಮೂರನೆಯದು. ಕಲೆಯ ಇತಿಹಾಸವನ್ನು ಬರೆಯುವವರು ಈ ಮೂರನ್ನೂ ಬೆರೆಸಿಬಿಡುವುದುಂಟು. ಅದರಿಂದ ಮುಖ್ಯವಾಗಿ ಹಾನಿಯಾಗುವುದು ಮೂರನೆಯದಕ್ಕೆ. ನಿಜವಾಗಿ ದುಡಿದ ಮನುಷ್ಯರ ಹೆಸರುಗಳು ಅಳಿಸಿಹೋಗಿ, ಅವುಗಳ ಸ್ಥಾನದಲ್ಲಿ ಸಾವಿರ ವರ್ಷಗಳ ಒಂದು ಕಲ್ಪನೆ ಬಂದು ಕೂಡುತ್ತದೆ. ಸ್ಪೇನಿನ ಫ್ಲಮೆಂಕೊ ನೃತ್ಯಕ್ಕೂ ಭಾರತದ ನೃತ್ಯಗಳಿಗೂ ಇರುವ ಸಂಬಂಧದ ಚರ್ಚೆಯಲ್ಲಿ ಈ ಹಾನಿ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ನರ್ತಕ ರಾಮಗೋಪಾಲರ ಮಂಡಲಿಯ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು ಇದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಫ್ಲಮೆಂಕೊ ಎಂಬುದು ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತದ ಹಾಡು, ಗಿಟಾರು ಹಾಗೂ ನೃತ್ಯಗಳ ಕೂಡಿಕೆ. ಈ ಕಲೆಯನ್ನು ಬೆಳೆಸಿದವರಲ್ಲಿ ರೋಮಾ ಜನರು ಪ್ರಮುಖರು. ಇವರನ್ನು ಸ್ಪೇನಿನಲ್ಲಿ ಹಿತಾನೊ ಎನ್ನುತ್ತಾರೆ. ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದು. ರೋಮಾ ಜನರ ಭಾಷೆ ಹಿಂದೀ ಆರ್ಯವರ್ಗಕ್ಕೆ ಸೇರಿದುದೆಂಬುದನ್ನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ವಿದ್ವಾಂಸರು ತೋರಿಸಿಕೊಟ್ಟರು. ಆ ಭಾಷೆಯಲ್ಲಿ ಸೇರಿಕೊಂಡಿರುವ ಪಾರಸಿ, ಆರ್ಮೇನಿಯನ್ ಹಾಗೂ ಗ್ರೀಕ್ ಶಬ್ದಗಳಿಂದ ಅವರು ನಡೆದುಬಂದ ದಾರಿಯನ್ನೂ ಊಹಿಸಲಾಗಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟ ಈ ಜನರು 1425ರ ವೇಳೆಗೆ ಸ್ಪೇನಿನ ಅರಗಾನ್ ರಾಜ್ಯದಲ್ಲಿದ್ದರು. 1462ರಲ್ಲಿ ಆಂದಲೂಸಿಯಾದ ಹಾಯೆನ್ ನಗರದಲ್ಲಿ ಕಾಣಿಸಿಕೊಂಡರು. ಅಲ್ಲಿ ಅವರು ಅನುಭವಿಸಿದ ಕಷ್ಟ ಅಷ್ಟಿಷ್ಟಲ್ಲ. 1749ರಲ್ಲಿ ಸ್ಪೇನಿನ ಸರಕಾರವು ಇಡೀ ದೇಶದ ಹಿತಾನೊಗಳನ್ನು ಏಕಕಾಲದಲ್ಲಿ ಸೆರೆಹಿಡಿಯಲು ಆಜ್ಞಾಪಿಸಿತ್ತು.

ಇಷ್ಟನ್ನು ಆಧಾರವಾಗಿಟ್ಟುಕೊಂಡು, ಫ್ಲಮೆಂಕೊ ಕಥಕ್ ನೃತ್ಯದ ಮಗಳೆಂದು ಹೇಳುವವರಿದ್ದಾರೆ. ಎರಡರಲ್ಲಿಯೂ ಪಾದಗಳಿಂದ ಲಯವನ್ನು ನುಡಿಸುತ್ತಾರೆ, ಎರಡರಲ್ಲಿಯೂ ಸುತ್ತುಗಳುಂಟು, ನೆಟ್ಟಗೆ ನಿಂತ ದೇಹದ ಗಾಂಭೀರ್ಯವುಂಟು. ಆದರೆ ಕಾಲಗಣನೆಯನ್ನು ಮಾಡಿದರೆ ಈ ವಾದ ನಿಲ್ಲುವುದಿಲ್ಲ. ಇಂದು ನಾವು ಕಾಣುವ ಕಥಕ್ ಲಖನೌ ಹಾಗೂ ಜಯಪುರಗಳ ಆಶ್ರಯದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ರೂಪುಗೊಂಡಿತು. ಫ್ಲಮೆಂಕೊ ರಂಗಕಲೆಯಾಗಿ ಸ್ಪಷ್ಟವಾದ ಆಕಾರವನ್ನು ಪಡೆದುದೂ 19ನೆಯ ಶತಮಾನದ ಸೆವಿಲ್ಲಾ ಮೊದಲಾದ ನಗರಗಳ ಹಾಡುಗಾರಿಕೆಯ ಕಾಫಿಗೃಹಗಳಲ್ಲಿ. ಸಾವಿರ ವರ್ಷಗಳ ಹಿಂದೆ ಹೊರಟವರು ಇನ್ನೂ ರೂಪುಗೊಳ್ಳದಿದ್ದ ನೃತ್ಯವನ್ನು ಹೊತ್ತೊಯ್ಯುವುದು ಹೇಗೆ? ತಾಯಿಯೂ ಮಗಳೂ ಸಮವಯಸ್ಕರಾಗುವ ವಂಶಾವಳಿಯನ್ನು ಯಾರೂ ಒಪ್ಪಲಾರರು.

ಅಂಗರಚನೆಯನ್ನು ಸೂಕ್ಷ್ಮವಾಗಿ ನೋಡಿದರೂ ಭೇದಗಳೇ ಎದ್ದು ತೋರುತ್ತವೆ. ಕಥಕ್ ನರ್ತಕರದು ಬರಿಗಾಲು. ನಾದ ಹುಟ್ಟುವುದು ಅಂಗಾಲು ಹಾಗೂ ಗೆಜ್ಜೆಗಳಿಂದ. ಫ್ಲಮೆಂಕೊ ನರ್ತಕರದು ಮೊಳೆ ಹೊಡೆದ ಪಾದರಕ್ಷೆ, ಹಿಮ್ಮಡಿ ಹಾಗೂ ತುದಿಗಾಲುಗಳು ಹಲಗೆಯ ನೆಲವನ್ನು ಬಡಿಯುತ್ತವೆ, ಗೆಜ್ಜೆ ಅಲ್ಲಿಲ್ಲ. ಕಥಕ್‌ನಲ್ಲಿ ಬಹು ಬಳಕೆಯ ತೀನ್‌ತಾಲ 16 ಮಾತ್ರೆಗಳದು, ಅದರ ಗಮ್ಯಸ್ಥಾನ ಸಮ್. ಫ್ಲಮೆಂಕೊದ ಸೊಲೆಯಾ ಎಂಬ ಪ್ರಕಾರ 12 ಎಣಿಕೆಗಳದು. 3, 6, 8, 10, 12ರ ಮೇಲೆ ಒತ್ತು ಬೀಳುತ್ತದೆ. ಒಂದೇ ಮೂಲದ ಜನರು ಎಂಬುದು ಸತ್ಯವಾಗಿರಬಹುದು. ಒಂದೇ ನೃತ್ಯ ಎಂಬುದು ಅದರಿಂದ ಹೊರಡುವ ನಿರ್ಣಯವಲ್ಲ. ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿಗರೂ ಯುರೋಪಿನ ರೋಮಾ ಜನರೂ ಒಂದೇ ಎಂಬ ಮಾತನ್ನು ವಿದ್ಯಾರ್ಥಿಗಳು ಆಗಾಗ ಕೇಳಿರುತ್ತಾರೆ. ಎರಡು ಜನಾಂಗಗಳ ಭಾಷೆಗಳೂ ಹಿಂದೀ ಆರ್ಯವರ್ಗಕ್ಕೆ ಸೇರಿದುವೇ. ಆದರೆ ಒಂದು ವಂಶದ ಎರಡು ಭಾಷೆಗಳನ್ನಾಡುವವರು ಒಂದೇ ಜನಾಂಗವಾಗಬೇಕಾದ ನಿಯಮವಿಲ್ಲ. ಇದೂ ಎರಡನೆಯ ಬಗೆಯ ಸಂಬಂಧವನ್ನು ಹಿಗ್ಗಿಸಿ ಹೇಳಿದ ಮಾತೇ ಆಗಿದೆ.

3

ಹಾಗಾದರೆ ಸ್ಪೇನಿನ ನೃತ್ಯಕ್ಕೂ ಭಾರತದ ನೃತ್ಯಕ್ಕೂ ಮೂರನೆಯ ಬಗೆಯ ಸಂಬಂಧ, ಎಂದರೆ ದಾಖಲೆಯಿರುವ ಸಂಪರ್ಕ, ಇಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರವನ್ನು 1930ರ ದಶಕದಲ್ಲಿ ಹುಡುಕಬೇಕು. ಅದರ ಒಂದು ತುದಿ ಕನ್ನಡ ನಾಡಿನಲ್ಲಿಯೇ ಇದೆ.

ಅಮೆರಿಕದ ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿ 1899ರಲ್ಲಿ ಹುಟ್ಟಿ, ಟೆಕ್ಸಾಸಿನಲ್ಲಿ ಬೆಳೆದ ರಸೆಲ್ ಮೆರಿವೆದರ್ ಹ್ಯೂಸ್ ಎಂಬ ನರ್ತಕಿ ಲಾ ಮೆರಿ ಎಂಬ ರಂಗನಾಮದಿಂದ ಪ್ರಸಿದ್ಧರಾದರು. ಸ್ಪೇನಿನ ನೃತ್ಯ ಈಕೆಯ ಮುಖ್ಯ ಅಭ್ಯಾಸವಿಷಯಗಳಲ್ಲೊಂದು; ಅದನ್ನು ಕುರಿತು 1948ರಲ್ಲಿ ಗ್ರಂಥವೊಂದನ್ನೂ ಪ್ರಕಟಿಸಿದರು. ಹೋದ ಹೋದ ದೇಶದಲ್ಲಿ ಅಲ್ಲಿಯ ನೃತ್ಯವನ್ನು ಅಲ್ಲಿಯ ಗುರುಗಳಿಂದ ಕಲಿಯುವುದು ಇವರ ಪದ್ಧತಿ. ಪತಿ ಹಾಗೂ ವ್ಯವಸ್ಥಾಪಕರಾದ ಗೀಡೊ ಕರ್ರೆರಾಸರೊಡನೆ 1936-37ರಲ್ಲಿ ಭಾರತಕ್ಕೆ ಬಂದಾಗ ಮದರಾಸಿನಲ್ಲಿ ಪಾಪನಾಶಂ ವಡಿವೇಲು ಪಿಳ್ಳೆ ಹಾಗೂ ಮೈಲಾಪುರದ ಗೌರಿ ಅಮ್ಮಾಳ್ ಅವರಲ್ಲಿ ಭರತನಾಟ್ಯವನ್ನು ಅಭ್ಯಸಿಸಿದರು. ಇದೇ ಪ್ರವಾಸದಲ್ಲಿ ಬೆಂಗಳೂರಿನ ತರುಣ ನರ್ತಕ ರಾಮಗೋಪಾಲರು ಇವರ ಮಂಡಲಿಯನ್ನು ಸೇರಿ, ಆಗ್ನೇಯ ಏಷ್ಯದ ಮಾರ್ಗವಾಗಿ ಜಪಾನಿನವರೆಗೆ ಹೋದರು. ಆಂದಲೂಸಿಯಾದ ಹೆಜ್ಜೆಗಳನ್ನು ಬಲ್ಲ ಅಮೆರಿಕನ್ ನರ್ತಕಿಯೂ ಬೆಂಗಳೂರಿನ ನರ್ತಕನೂ ಒಂದೇ ಪ್ರವಾಸದ ರಂಗಗಳನ್ನು ಹಂಚಿಕೊಂಡರು. ಇದರ ವರ್ಷ ಗೊತ್ತು, ವ್ಯಕ್ತಿಗಳು ಗೊತ್ತು, ದಾರಿಯೂ ಗೊತ್ತು. ಸಾವಿರ ವರ್ಷಗಳ ಊಹೆಗಿಂತ ಈ ಒಂದು ಪ್ರವಾಸ ಇತಿಹಾಸಕಾರನಿಗೆ ಹೆಚ್ಚಿನದು.

ಇದರ ಫಲ ಎರಡು ಕಡೆಯಲ್ಲಿಯೂ ಕಂಡುಬಂದಿತು. ಲಾ ಮೆರಿಯವರು 1940ರಲ್ಲಿ ರೂತ್ ಸೇಂಟ್ ಡೆನಿಸರೊಡನೆ ನ್ಯೂಯಾರ್ಕಿನಲ್ಲಿ ನಾಟ್ಯ ಎಂಬ ಹೆಸರಿನ ಶಾಲೆಯನ್ನು ತೆರೆದರು. 1941ರಲ್ಲಿ ಭಾರತೀಯ ನೃತ್ಯದ ಹಸ್ತಾಭಿನಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1944ರಲ್ಲಿ ಪ್ರಸಿದ್ಧ ರಷ್ಯನ್ ಬ್ಯಾಲೆ ಹಂಸಸರೋವರವನ್ನು ಭಾರತೀಯ ನೃತ್ಯಭಾಷೆಯಲ್ಲಿ ಪ್ರಯೋಗಿಸಿದರು. ಇತ್ತ ರಾಮಗೋಪಾಲರಿಗೆ ದೊರೆತದ್ದು ಪ್ರವಾಸದ ಮಂಡಲಿಯೊಂದನ್ನು ನಡೆಸುವ ವಿಧಾನದ ಪ್ರತ್ಯಕ್ಷ ಪರಿಚಯ ಎಂಬುದು ನಮ್ಮ ಅಭಿಪ್ರಾಯ. ಒಂದೇ ಸಂಜೆಯಲ್ಲಿ ಬೇರೆಬೇರೆ ಪದ್ಧತಿಗಳ ಕಿರುನೃತ್ಯಗಳನ್ನು ಜೋಡಿಸಿ ತೋರಿಸುವುದು ಲಾ ಮೆರಿಯವರ ಕ್ರಮವಾಗಿತ್ತು. ಭರತನಾಟ್ಯ, ಕಥಕಳಿ, ಕಥಕ್ ಮೂರನ್ನೂ ಒಂದೇ ಕಾರ್ಯಕ್ರಮದಲ್ಲಿ ಕಿರಿದುಗೊಳಿಸಿ ಇಡುವುದು ಮುಂದೆ ರಾಮಗೋಪಾಲರ ಮಂಡಲಿಯ ಕ್ರಮವೂ ಆಯಿತು. ಸ್ಪೇನಿನ ಹೆಜ್ಜೆಯೊಂದು ಭಾರತದ ನೃತ್ಯಕ್ಕೆ ಬಂದಿತೆಂದು ನಾವು ಹೇಳುತ್ತಿಲ್ಲ. ಎರವಲಾಗಿ ಬಂದದ್ದು ಕಾರ್ಯಕ್ರಮದ ರಚನೆ.

4

ರಾಮಗೋಪಾಲರ ತಂದೆ ರಾಜಪುತ್ರ ವಂಶದ ಬ್ಯಾರಿಸ್ಟರು, ತಾಯಿ ಬರ್ಮಾದವರು. ಕುಲವೃತ್ತಿಯಾಗಿ ನೃತ್ಯವಿಲ್ಲದ ಮನೆತನದ ಗಂಡುಮಗ ನರ್ತಕನಾಗುವುದು ಆ ಕಾಲಕ್ಕೆ ಸುಲಭವಾದ ಮಾತಾಗಿರಲಿಲ್ಲ. ಮೈಸೂರು ಸಂಸ್ಥಾನವು ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು 1909ರಲ್ಲಿಯೇ ನಿಲ್ಲಿಸಿತ್ತು. ನೃತ್ಯವೆಂದರೆ ಗೌರವಸ್ಥರು ಮುಖ ತಿರುಗಿಸುವ ಪರಿಸ್ಥಿತಿ ಎಲ್ಲೆಡೆಯೂ ಇತ್ತು. ಮದರಾಸಿನಲ್ಲಿ ರುಕ್ಮಿಣೀದೇವಿಯವರು ರಂಗವೇರಿದ್ದು 1935ರಲ್ಲಿ, ಕಲಾಕ್ಷೇತ್ರ ಆರಂಭವಾದುದು 1936ರಲ್ಲಿ. ಆ ದಶಕದಲ್ಲಿಯೇ ಬೆಂಗಳೂರಿನ ಈ ತರುಣನು ದೇಶದ ಹೊರಗೆ ರಂಗವನ್ನು ಹುಡುಕಿಕೊಂಡದ್ದು ಗಮನಾರ್ಹವಾಗಿದೆ.

ಜಪಾನಿನಲ್ಲಿ ಲಾ ಮೆರಿಯವರ ಮಂಡಲಿಯಿಂದ ಬೇರೆಯಾದ ನಂತರ ಪೋಲೆಂಡಿನ ಲೇಖಕ ಅಲೆಕ್ಸಾಂಡರ್ ಯಾಂತಾ ಅವರ ನೆರವಿನಿಂದ ರಾಮಗೋಪಾಲರು ಅಮೆರಿಕದಲ್ಲಿಯೂ, ಅನಂತರ ಪ್ಯಾರಿಸ್ ಹಾಗೂ ವಾರ್ಸಾಗಳಲ್ಲಿಯೂ ನರ್ತಿಸಿದರು. 1939ರಲ್ಲಿ ಸ್ವಂತ ಮಂಡಲಿಯೊಡನೆ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಕಾಣಿಸಿಕೊಂಡರು. ಅದೇ ವರ್ಷ ಆರಂಭವಾದ ಎರಡನೆಯ ಮಹಾಯುದ್ಧವು ಮಂಡಲಿಯನ್ನು ಭಾರತಕ್ಕೆ ಹಿಂದಿರುಗಿಸಿತು. ಯುದ್ಧಾನಂತರ ಅದು ಮತ್ತೆ ಯುರೋಪು ಹಾಗೂ ಅಮೆರಿಕಗಳಿಗೆ ಹೋಯಿತು. 1948ರಲ್ಲಿ ಸಾರಾ ಎರುಲ್ಕರ್ ಅವರು ನಿರ್ದೇಶಿಸಿದ ಲಾರ್ಡ್ ಶಿವ ಡಾನ್ಸ್ಡ್ ಎಂಬ ಸಾಕ್ಷ್ಯಚಿತ್ರದಲ್ಲಿ ರಾಮಗೋಪಾಲರ ನೃತ್ಯ ದಾಖಲಾಯಿತು. 1951ರಲ್ಲಿ ಸೆರೋಜ್ ದಾದಾಚಾನ್‌ಜಿ ಅವರೊಡನೆ ಬರೆದ ಭಾರತೀಯ ನೃತ್ಯ ಕುರಿತ ಇಂಗ್ಲಿಷ್ ಗ್ರಂಥವೂ, 1957ರಲ್ಲಿ ಆತ್ಮಕಥೆಯೂ ಹೊರಬಂದವು.

ಪ್ರಯೋಗಗಳಲ್ಲಿ ಎರಡು ಮುಖ್ಯವೆಂದು ಹೇಳಬೇಕು. 1956ರಲ್ಲಿ ತಾಜಮಹಲಿನ ಐತಿಹ್ಯವನ್ನು ವಸ್ತುವಾಗಿ ಉಳ್ಳ ನೃತ್ಯನಾಟಕವನ್ನು ಬ್ರಿಟನ್ನಿನ ಪ್ರೇಕ್ಷಕರ ಮುಂದಿಟ್ಟರು. ಕಿರುನೃತ್ಯಗಳ ಮಾಲೆಯನ್ನು ಬಿಟ್ಟು ಒಂದೇ ಕಥೆಯ ಸುತ್ತ ಇಡೀ ಮಂಡಲಿಯನ್ನು ನಿಲ್ಲಿಸುವ ಪ್ರಯತ್ನ ಅದು. 1960ರಲ್ಲಿ ಪ್ರಸಿದ್ಧ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೋವಾ ರಾಧೆಯಾಗಿಯೂ ರಾಮಗೋಪಾಲರು ಕೃಷ್ಣನಾಗಿಯೂ ಯುಗಳನೃತ್ಯವೊಂದನ್ನು ರಚಿಸಿ ಆಡಿದರು. ಇದನ್ನು 1923ರ ಮತ್ತೊಂದು ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷ ಲಂಡನ್ನಿನಲ್ಲಿ ರಷ್ಯದ ಅನ್ನಾ ಪಾವ್ಲೋವಾ ರಾಧೆಯಾಗಿಯೂ, ಆಗ ಚಿತ್ರಕಲೆಯ ವಿದ್ಯಾರ್ಥಿಯಾಗಿದ್ದ ಉದಯಶಂಕರರು ಕೃಷ್ಣನಾಗಿಯೂ ಇದೇ ವಸ್ತುವನ್ನು ಆಡಿದ್ದರು. ವಸ್ತು ಒಂದೇ, ಜೋಡಣೆಯೂ ಒಂದೇ ಬಗೆಯದು. ಆದರೆ ಉದಯಶಂಕರರು ಶಾಸ್ತ್ರೀಯ ನೃತ್ಯವನ್ನು ಗುರುಮುಖವಾಗಿ ಕಲಿಯದೆ, ಚಿತ್ರ ಹಾಗೂ ಶಿಲ್ಪಗಳಿಂದ ಭಂಗಿಗಳನ್ನು ಕಲ್ಪಿಸಿಕೊಂಡಿದ್ದರು. ರಾಮಗೋಪಾಲರ ಹಿಂದೆ ಮೂರು ಪದ್ಧತಿಗಳ ಗುರುಗಳ ಪಾಠವಿತ್ತು. ಸಾದೃಶ್ಯವನ್ನು ಮಾತ್ರ ನೋಡುವವನಿಗೆ 1923 ಹಾಗೂ 1960 ಒಂದೇ ಆಗಿ ತೋರುತ್ತವೆ. ಸಹಯೋಗವನ್ನು ಪರಿಶೀಲಿಸುವವನಿಗೆ ಅವುಗಳ ನಡುವೆ ಭಾರತದ ನೃತ್ಯಶಿಕ್ಷಣದ ಒಂದು ಯುಗವೇ ಕಾಣುತ್ತದೆ.

5

ಈ ಮಂಡಲಿಗೆ ಒಬ್ಬರದೇ ಹೆಸರಿತ್ತು. ವಿದೇಶದ ಪತ್ರಿಕೆಗಳು ಒಬ್ಬರ ರೂಪವನ್ನೂ ಆಭರಣಗಳನ್ನೂ ಹೊಗಳಿದವು. ಆದರೆ ಒಂದು ಪ್ರಯೋಗದ ಹಿಂದೆ ಎಷ್ಟು ಮಂದಿಯ ದುಡಿಮೆ ಸೇರಿತ್ತು ಎಂಬುದನ್ನು ಎಣಿಸಿ ನೋಡಿದರೆ ಚಿತ್ರವು ಬೇರೆಯಾಗುತ್ತದೆ. ಭರತನಾಟ್ಯದ ಪಾಠ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರದು. ಕಥಕಳಿಯ ಪಾಠ ತಕಳಿ ಕುಂಜು ಕುರುಪ್ಪರದು. ಕಥಕ್ ಜಯಪುರ ಪರಂಪರೆಯ ಸೋಹನಲಾಲರದು. ಸಹನರ್ತಕಿಯರಲ್ಲಿ ಮೃಣಾಲಿನಿ ಸಾರಾಭಾಯಿ, ತಾರಾ ಚೌಧುರಿ, ಕುಮುದಿನಿ ಲಾಖಿಯಾ, ಹಾಗೂ ಜಾವಾದಲ್ಲಿ ಹುಟ್ಟಿ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸ್ಸೋನರನ್ನು ವಿವಾಹವಾಗಿದ್ದ ರತ್ನಾ ಮೋಹಿನಿ ಇದ್ದರು. ಇವರಲ್ಲಿ ಮೃಣಾಲಿನಿಯವರು 1949ರಲ್ಲಿ ಅಹಮದಾಬಾದಿನಲ್ಲಿ ದರ್ಪಣ ಸಂಸ್ಥೆಯನ್ನು ಸ್ಥಾಪಿಸಿದರು; ಕುಮುದಿನಿಯವರು ಅದೇ ನಗರದಲ್ಲಿ ಕದಂಬ ಎಂಬ ಶಾಲೆಯನ್ನು ತೆರೆದು ಕಥಕ್ ನೃತ್ಯಕ್ಕೆ ಸಮೂಹರಚನೆಯ ಹೊಸ ದಾರಿಯನ್ನು ತೋರಿಸಿದರು. ಪ್ರವಾಸದ ಮಂಡಲಿಯು ಒಂದು ಶಾಲೆಯೂ ಆಗಿತ್ತೆಂಬುದಕ್ಕೆ ಇವು ಸಾಕ್ಷಿ.

ಕನ್ನಡ ನಾಡಿನ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ರಾಮಗೋಪಾಲರು ಬೆಂಗಳೂರಿನಲ್ಲಿ ನಡೆಸಿದ ಶಾಲೆಗೆ ಸೋಹನಲಾಲರನ್ನು ಕರೆಸಿದರು. ದಕ್ಷಿಣದ ನಗರದಲ್ಲಿ ಉತ್ತರದ ಕಥಕ್ ಗುರುವೊಬ್ಬರು ಪಾಠ ಹೇಳಿದ ಕಾರಣ, 1928ರಲ್ಲಿ ಹುಟ್ಟಿದ ಮಾಯಾರಾವ್ ಅವರು ಬಾಲ್ಯದಲ್ಲಿಯೇ ಆ ಪದ್ಧತಿಯನ್ನು ಕಲಿಯಲು ಅವಕಾಶವಾಯಿತು. ಅನಂತರ ಅವರು ದಿಲ್ಲಿಯಲ್ಲಿ ಶಂಭು ಮಹಾರಾಜರ ಶಿಷ್ಯರಾಗಿ, 1960ರ ದಶಕದ ಆರಂಭದಲ್ಲಿ ಮಾಸ್ಕೋ ನಗರದಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿ, 1964ರಲ್ಲಿ ದಿಲ್ಲಿಯಲ್ಲಿ ಸಂಸ್ಥೆಯೊಂದನ್ನು ಆರಂಭಿಸಿದರು. 1987ರಲ್ಲಿ ಅದು ಬೆಂಗಳೂರಿಗೆ ಬಂದಿತು. ಮಾಯಾರಾವ್ 2014ರಲ್ಲಿ ಕಾಲವಾದರು. ಬೆಂಗಳೂರಿನಲ್ಲಿ ಕಥಕ್ ನೆಲೆಗೊಂಡದ್ದಕ್ಕೆ ಪ್ರಾಚೀನ ಕಾರಣಗಳನ್ನು ಹುಡುಕಬೇಕಾಗಿಲ್ಲ. ಒಬ್ಬ ನರ್ತಕನು ಒಬ್ಬ ಗುರುವನ್ನು ಕರೆಸಿದ, ಒಬ್ಬ ಬಾಲಕಿ ಪಾಠಕ್ಕೆ ಬಂದಳು. ಮುಂದಿನದೆಲ್ಲ ಅಲ್ಲಿಂದ ಹೊರಟಿದೆ.

ಆದರೂ ಈ ಸಹಯೋಗದಲ್ಲಿ ಸಮಾನತೆ ಇರಲಿಲ್ಲವೆಂಬುದನ್ನು ಮರೆಮಾಚುವಂತಿಲ್ಲ. ಮಂಡಲಿಯ ನಾಯಕರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸುವ ಕಾಲದಲ್ಲಿ ನಟ್ಟುವನಾರರು, ಮದ್ದಳೆಗಾರರು, ಹಾಡುವವರು ರಂಗದ ಒಂದು ಬದಿಯಲ್ಲಿ ಕುಳಿತಿರುತ್ತಿದ್ದರು. ಆತ್ಮಕಥೆ ಬರೆದವರು ನಾಯಕರು. ಮೃದಂಗ ನುಡಿಸಿದವರು ಬರೆಯಲಿಲ್ಲ. ಹೀಗಿರುವಲ್ಲಿ ಆತ್ಮಕಥೆಯೊಂದನ್ನೇ ಆಧರಿಸಿ ಮಂಡಲಿಯ ಇತಿಹಾಸವನ್ನು ಬರೆದರೆ ಅದು ಒಬ್ಬರ ಚರಿತ್ರೆಯಾಗುತ್ತದೆಯೇ ಹೊರತು ಮಂಡಲಿಯದಾಗುವುದಿಲ್ಲ. ಇನ್ನೊಂದು ಆಕ್ಷೇಪವನ್ನೂ ಪರಿಗಣಿಸಬೇಕು. ಗಂಟೆಗಳ ಕಾಲ ನಡೆಯುವ ಕಥಕಳಿಯನ್ನು ಕೆಲವು ನಿಮಿಷಗಳಿಗೆ ಇಳಿಸಿದ್ದು ಕಲೆಗೆ ಮಾಡಿದ ಅಪಚಾರವೆಂದು ವಾದಿಸಬಹುದು. ಕಿರಿದುಗೊಳಿಸಿದುದರಿಂದ ನಷ್ಟವಾದದ್ದು ನಿಜ. ಆದರೆ ಆ ಕಿರುನೃತ್ಯಗಳನ್ನು ಕಂಡ ಪ್ರೇಕ್ಷಕರಿಗೆ ಭಾರತದ ನೃತ್ಯವು ಶಾಸ್ತ್ರವುಳ್ಳದ್ದು, ಗುರುಪರಂಪರೆಯುಳ್ಳದ್ದು ಎಂಬುದು ತಿಳಿಯಿತು. ವಿದೇಶದ ಆ ಗೌರವ ಇಲ್ಲಿಯ ಮನೆತನಗಳು ಹೆಣ್ಣುಮಕ್ಕಳನ್ನು ನೃತ್ಯಕ್ಕೆ ಕಳಿಸಲು ಒಂದು ಮಟ್ಟಿಗೆ ಧೈರ್ಯವನ್ನು ಕೊಟ್ಟಿತೆಂದು ನಾವು ಭಾವಿಸುತ್ತೇವೆ.

ರಾಮಗೋಪಾಲರು ತಮ್ಮ ಜೀವನದ ಉತ್ತರಾರ್ಧದ ಬಹುಭಾಗವನ್ನು ವಿದೇಶದಲ್ಲಿ ಕಳೆದು 2003ರಲ್ಲಿ ಇಂಗ್ಲೆಂಡಿನಲ್ಲಿ ಕಾಲವಾದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವವೂ, 1999ರಲ್ಲಿ ಬ್ರಿಟಿಷ್ ಸರಕಾರದ ಪದವಿಯೂ ಅವರಿಗೆ ಬಂದವು. ಆದರೆ ಕನ್ನಡದಲ್ಲಿ ಬರೆದ ನಾಡಿನ ಸಾಂಸ್ಕೃತಿಕ ಇತಿಹಾಸಗಳಲ್ಲಿ ಅವರಿಗೆ ದೊರೆತಿರುವ ಸ್ಥಳ ಅತ್ಯಲ್ಪ. ಫ್ಲಮೆಂಕೊ ಕಥಕ್‌ನ ಮಗಳೆಂಬ ಮಾತನ್ನು ಬಲ್ಲವರು ಹಲವರು. ಲಾ ಮೆರಿಯವರೊಡನೆ ಹೊರಟ ಬೆಂಗಳೂರಿನ ನರ್ತಕನನ್ನು ಬಲ್ಲವರು ಕೆಲವರು. ಮೇಲೆ ಹೇಳಿದ ಹಾನಿಯೆಂದರೆ ಇದೇ.

6

ಎರಡು ನೃತ್ಯಗಳ ನೇರವಾದ ಸಂಧಿ ಈಚಿನ ಕಾಲದಲ್ಲಿ ನಡೆದಿದೆ. 2014ರಲ್ಲಿ ಕಥಕ್ ಶಿಕ್ಷಣವುಳ್ಳ ಲಂಡನ್ನಿನ ಅಕ್ರಂ ಖಾನ್ ಹಾಗೂ ಸೆವಿಲ್ಲಾದ ಫ್ಲಮೆಂಕೊ ನರ್ತಕ ಇಸ್ರೇಲ್ ಗಾಲ್ವಾನ್ ಕೂಡಿ ತೊರೊಬಾಕಾ ಎಂಬ ಪ್ರಯೋಗವನ್ನು ರಚಿಸಿದರು. ಬರಿಗಾಲೂ ಪಾದರಕ್ಷೆಯೂ ಒಂದೇ ನೆಲದ ಮೇಲೆ ಎದುರುಬದುರಾದವು. ಇದನ್ನು ಅಗಲಿದ ಬಂಧುಗಳ ಪುನರ್ಮಿಲನವೆಂದು ವರ್ಣಿಸುವುದು ಸುಲಭ. ಇಬ್ಬರು ಕಲಾವಿದರು ತಮ್ಮ ಕಾಲದಲ್ಲಿ ಮಾಡಿಕೊಂಡ ಹೊಸ ಒಪ್ಪಂದವೆಂದು ಓದುವುದೇ ಹೆಚ್ಚು ಸರಿಯಾದುದು.

ನಮ್ಮ ಪ್ರದೇಶದ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕೆಲಸ ಒದಗುತ್ತದೆ. ಹಳ್ಳಿಗಳ ಬಯಲಾಟದ ಮೇಳಗಳು, ಜಾತ್ರೆಗಳಲ್ಲಿ ಡೇರೆ ಹಾಕುವ ನಾಟಕ ಕಂಪನಿಗಳು, ರೋಜಾದ ಉರುಸಿನಲ್ಲಿ ಹಾಡುವ ಕವ್ವಾಲರು, ಇವರೆಲ್ಲರ ಪ್ರಯೋಗಗಳಿಗೂ ಸಹಯೋಗದ ಇತಿಹಾಸವಿದೆ. ಯಾವ ಮೇಳಕ್ಕೆ ಯಾವ ಊರಿನ ಮಾಸ್ತರರು ಕಲಿಸಿದರು, ಹಾರ್ಮೋನಿಯಂ ನುಡಿಸಿದವರಾರು, ಪಾತ್ರಧಾರಿಗಳು ಯಾವ ಕಂಪನಿಯಿಂದ ಯಾವುದಕ್ಕೆ ಹೋದರು ಎಂಬುದು ಬಾಯಿಮಾತಿನಲ್ಲಿಯೂ ಹ್ಯಾಂಡ್‌ಬಿಲ್ಲುಗಳಲ್ಲಿಯೂ ಲೆಕ್ಕದ ವಹಿಗಳಲ್ಲಿಯೂ ಚದರಿಹೋಗಿದೆ. ಇವುಗಳ ಮೂಲವನ್ನು ಪುರಾಣಕಾಲಕ್ಕೆ ಒಯ್ಯುವ ಲೇಖನಗಳು ಸಾಕಷ್ಟಿವೆ. ಹ್ಯಾಂಡ್‌ಬಿಲ್ಲುಗಳನ್ನು ಕೂಡಿಹಾಕಿದವರು ವಿರಳ. ಕಾಗದ ಗೆದ್ದಲು ಹಿಡಿಯುವುದರೊಳಗೆ, ನೆನಪುಳ್ಳ ಹಿರಿಯರು ಇರುವಾಗಲೇ, ಒಂದೊಂದು ತಾಲ್ಲೂಕಿನ ಒಂದೊಂದು ಮೇಳದ ಪ್ರಯೋಗಗಳ ಪಟ್ಟಿಯನ್ನು ವರ್ಷ, ಸ್ಥಳ, ಹಾಡಿದವರು, ಬಾರಿಸಿದವರು, ಬಣ್ಣ ಹಚ್ಚಿದವರು ಎಂಬ ಕ್ರಮದಲ್ಲಿ ಸಿದ್ಧಪಡಿಸಬಹುದಾಗಿದೆ. ಜಾಮಿ ಮಸೀದಿಯ ವಿಷಯದಲ್ಲಿ ಕಜ್ವೀನಿನ ರಫಿಯ ಹೆಸರು ಕಲ್ಲಿನಲ್ಲಿ ಉಳಿದುಬಂದಿತು. ರಂಗದ ಮೇಲೆ ದುಡಿದವರ ಹೆಸರುಗಳಿಗೆ ಕಲ್ಲಿನ ಆಶ್ರಯವಿಲ್ಲ. ಅವುಗಳನ್ನು ಬರೆದಿಡುವ ಹೊಣೆ ಇತಿಹಾಸ ವಿಭಾಗಗಳ ಮೇಲಿದೆ.